ಬೇಸಿಗೆ ರಜೆಗೆ ಮೌಂಟನ್ ಬೈಕಿಂಗ್: ಕ್ಯಾಂಪಾ, ರೇಸಾ, ಚಾರಿಟಿ ರೈಡಾ?

ಉತ್ತರಹಳ್ಳಿ_ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳಿಗೆ 13 ವರ್ಷ. ಪರೀಕ್ಷೆ ಮುಗಿದಾಗಿನಿಂದ ಅದೇ ರಾಗ, ಈ ರಜೆಯಲ್ಲಿ ಮೌಂಟನ್ ಬೈಕಿಂಗ್ ಕಲಿಯಬೇಕು ಅಂತ. ಡ್ಯಾನ್ಸ್ ಕ್ಲಾಸ್ ಬೇಡವಂತೆ. ಅಜ್ಜಿ ಮನೆಗೆ ಎರಡೇ ದಿನ ಸಾಕಂತೆ. ಸೈಕಲ್ ಇದೆ. 26 ಇಂಚಿನ ಚಕ್ರ, ಮುಂದೆ ಸಸ್ಪೆನ್ಷನ್, 21 ಗೇರು. ದಿನಾ ಲೇಔಟಿನ ಒಳಗೆ ಓಡಿಸುತ್ತಾಳೆ. ಫುಟ್‌ಪಾತ್ ಮೇಲಿಂದ ಹಾರಿಸುತ್ತಾಳೆ. ಅವಳ ಮೊಣಕಾಲು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ವಾಟ್ಸಾಪಿನಲ್ಲಿ ಮೂರು ಪೋಸ್ಟರ್ ಬಂದಿವೆ. ರಾಮನಗರದ ಕಡೆ ಒಂದು ರೆಸಾರ್ಟಿನಲ್ಲಿ ಐದು ದಿನದ ಕ್ಯಾಂಪ್, ಒಂಬತ್ತು ಸಾವಿರ ರೂಪಾಯಿ. ದೇವನಹಳ್ಳಿ ಆಚೆ ಒಂದು ಎಂಟಿಬಿ, ಅಂದರೆ ಮೌಂಟನ್ ಬೈಕ್ ರೇಸ್, ಅದರಲ್ಲಿ ಮಕ್ಕಳ ವಿಭಾಗವೂ ಇದೆ. ಇನ್ನೊಂದು ಚಾರಿಟಿ ರೈಡ್. ಕೆಂಗೇರಿಯಿಂದ ಬಿಡದಿಗೆ ಹೋಗಿ ಬರುವುದು, ಮಕ್ಕಳ ಆಸ್ಪತ್ರೆಯೊಂದಕ್ಕೆ ಸಹಾಯ, ಫೀಸು 900 ರೂಪಾಯಿ, ಟೀ ಶರ್ಟ್ ಮತ್ತು ಮೆಡಲ್ ಕೊಡುತ್ತಾರೆ. ಇದರ ಮಧ್ಯೆ ನಮ್ಮ ಯಜಮಾನರಿಗೆ ಹಿಮಾಚಲದ ಆಸೆ. ಯೂತ್ ಹಾಸ್ಟೆಲ್‌ನವರು ಜಲೋರಿ ಪಾಸ್ ಕಡೆ ಸೈಕಲ್ ಟ್ರಿಪ್ ಮಾಡುತ್ತಾರಂತೆ, ಮೂವರೂ ಹೋಗಿಬಿಡೋಣ ಅನ್ನುತ್ತಾರೆ. ಅವರು ಕೊನೇ ಸಲ ಸೈಕಲ್ ಹತ್ತಿದ್ದು ಪಿಯುಸಿಯಲ್ಲಿ.

ಎಲ್ಲಕ್ಕೂ ಕಳಿಸಲು ಆಗಲ್ಲ. ಯಾವುದಕ್ಕೆ ಕಳಿಸಲಿ? ಈ ಬಿಸಿಲಲ್ಲಿ ಕಳಿಸಬಹುದಾ? ತುರಹಳ್ಳಿ ಕಾಡು ನಮ್ಮ ಮನೆಯಿಂದ ಹತ್ತು ನಿಮಿಷ. ಭಾನುವಾರ ಬೆಳಗ್ಗೆ ಅಲ್ಲೇ ಕಲಿಸಿದರೆ ಸಾಲದಾ?

ನೆಗ್ಗಿಲಮುಳ್ಳು:

ಮೂರೂ ಬಿಡಿ ಮೇಡಂ, ಮಾವಿನಹಣ್ಣು ತಿಂದುಕೊಂಡು ಮನೆಯಲ್ಲಿರಲಿ. ಸುಮ್ನೆ ತಮಾಷೆಗೆ ಹೇಳಿದೆ. ಎಲ್ಲಿಗೇ ಕಳಿಸಿ, ಎರಡು ಟ್ಯೂಬು, ಟೈರ್ ಬಿಚ್ಚುವ ಲಿವರ್ ಮತ್ತು ಪುಟ್ಟ ಪಂಪು ಬ್ಯಾಗಿನಲ್ಲಿರಲಿ. ಬೇಸಿಗೆಯಲ್ಲಿ ಹೊಲದ ಬದು ಒಣಗಿ ಜಾಲಿಮುಳ್ಳು, ನೆಗ್ಗಿಲಮುಳ್ಳು ಎಲ್ಲ ದಾರಿಗೆ ಬಂದಿರುತ್ತವೆ. ನನ್ನ ಹೆಸರು ಹಾಗೇ ಬಂದಿದ್ದು. ಪ್ಯಾಚ್ ಹಾಕುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೆಯಬೇಕು ಅಂತ ಹುಡುಗಿಗೆ ಹೇಳಿಕೊಡಿ. ಇಲ್ಲದಿದ್ದರೆ ಹೊಸ ಟ್ಯೂಬೂ ಐದೇ ನಿಮಿಷದಲ್ಲಿ ಠುಸ್.

ನನ್ನ ಪ್ರಕಾರ ನಂದಿ ಬೆಟ್ಟ ಹತ್ತಿಸಿ. 1,478 ಮೀಟರ್ ಎತ್ತರ, ಮೇಲೆ ಹೋದಾಗ ಸಿಗುವ ಖುಷಿ ಯಾವ ಕ್ಯಾಂಪಿನಲ್ಲೂ ಸಿಗಲ್ಲ.

ಹಳೇಫೋರ್ಕ್:

ಮೇಡಂ, ನಾನು ಗಿರಿನಗರದವನು. ವಯಸ್ಸು ಐವತ್ತು ದಾಟಿದೆ. ಈಗ ರೇಸ್ ಓಡಿಸುವುದಕ್ಕಿಂತ ರೇಸಿನಲ್ಲಿ ಮಾರ್ಷಲ್ ಆಗಿ ನಿಲ್ಲುವುದೇ ಜಾಸ್ತಿ. ಅಂದರೆ ಕಲ್ಲಿನ ಇಳಿಜಾರಿನ ಪಕ್ಕ ಛತ್ರಿ ಹಿಡಿದು ನಿಂತು, ಯಾರಾದರೂ ಬಿದ್ದರೆ ಸೀಟಿ ಊದುವವನು. ಅಲ್ಲಿ ನಿಂತರೆ ಆಯೋಜಕರ ಹಣೆಬರಹ ಚೆನ್ನಾಗಿ ಕಾಣುತ್ತದೆ.

ಕ್ಯಾಂಪೋ ರೇಸೋ ಆಮೇಲೆ ನೋಡೋಣ. ಮೊದಲು ಮೂರೂ ಕಡೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಸೈಕಲ್ ಓಡಿಸುವ ಜಾಗ ಯಾರದು, ಅನುಮತಿ ಕೊಟ್ಟವರು ಯಾರು? ಕೋಚ್ ಯಾರು, ಊಟ ಏನು ಅನ್ನುವುದೆಲ್ಲ ಆಮೇಲೆ.

ಇದನ್ನೇ ಯಾಕೆ ಮೊದಲು ಕೇಳಬೇಕು ಅಂತ ಹೇಳುತ್ತೇನೆ. ಎಂಟಿಬಿಗೆ ಮಣ್ಣಿನ ದಾರಿ ಬೇಕು. ಬೆಂಗಳೂರಿನ ಸುತ್ತ ಉಳಿದಿರುವ ಮಣ್ಣಿನ ದಾರಿ ಅರಣ್ಯ ಇಲಾಖೆಯದ್ದು, ಇಲ್ಲ ಗೋಮಾಳ, ಇಲ್ಲ ಕೆರೆ ಅಂಗಳ, ಇಲ್ಲ ಯಾರದೋ ತೋಟ. ಪೋಸ್ಟರಿನಲ್ಲಿ 'ವೈಲ್ಡ್ ಟ್ರೇಲ್' ಅಂತ ಬರೆದಿರುತ್ತಾರೆ. ಬೆಳಗ್ಗೆ ಹೋಗಿ ನೋಡಿದರೆ ಗಾರ್ಡ್ ಗೇಟಿಗೆ ಬೀಗ ಹಾಕಿಕೊಂಡು ನಿಂತಿರುತ್ತಾರೆ. ಮಕ್ಕಳನ್ನು ಟಾರು ರಸ್ತೆಯಲ್ಲಿ ಓಡಿಸಿ ಮನೆಗೆ ಕಳಿಸುತ್ತಾರೆ. ದುಡ್ಡು ವಾಪಸ್ ಬರಲ್ಲ. ಇದು ಪ್ರತಿ ಬೇಸಿಗೆಯಲ್ಲೂ ನಡೆಯುತ್ತದೆ.

ರಾಮನಗರ ಅಂದಿರಿ. ಅಲ್ಲಿನ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಉದ್ದ ಕೊಕ್ಕಿನ ರಣಹದ್ದು ಆ ಬಂಡೆಗಳ ಸಂದಿನಲ್ಲಿ ಗೂಡು ಕಟ್ಟುತ್ತದೆ. ನಿಮ್ಮ ಕ್ಯಾಂಪಿನವರು ರೆಸಾರ್ಟಿನ ಸ್ವಂತ ಜಾಗದಲ್ಲಿ ಟ್ರ್ಯಾಕ್ ಮಾಡಿದ್ದರೆ ಸಂತೋಷ. 'ಪಕ್ಕದ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇವೆ' ಅಂದರೆ ಯಾವ ಬೆಟ್ಟ ಅಂತ ಹೆಸರು ಕೇಳಿ. ಹಾಗೆಯೇ ಹೆಸರಘಟ್ಟ. ಐದು ಸಾವಿರ ಎಕರೆಗೂ ಮೀರಿದ ಹುಲ್ಲುಗಾವಲು, ಫೋಟೋದಲ್ಲಿ ಬಹಳ ಚೆಂದ. ಅದನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿದೆ. ನೆಲದ ಮೇಲೇ ಗೂಡು ಮಾಡುವ ಹಕ್ಕಿಗಳು ಅಲ್ಲಿ ಬಹಳ. ಅವು ಮೊಟ್ಟೆ ಇಡುವುದೂ ಹೆಚ್ಚಾಗಿ ಇದೇ ಬೇಸಿಗೆಯಲ್ಲಿ. ಹುಲ್ಲಿನ ಮೇಲೆ ಟೈರು ಹೋದರೆ ನಮಗೆ ಗೊತ್ತೂ ಆಗುವುದಿಲ್ಲ.

ಮಲೆನಾಡಿನ ಕಡೆಯ ಕ್ಯಾಂಪ್ ಪೋಸ್ಟರ್ ಬಂದರೂ ಇದೇ ಪ್ರಶ್ನೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಘಟ್ಟದ ಎಷ್ಟೋ ದಾರಿಗಳನ್ನು ಇಲಾಖೆ ಮುಚ್ಚುತ್ತದೆ.

ಈಗ ತುರಹಳ್ಳಿ. ಬೆಂಗಳೂರು ದಕ್ಷಿಣದಲ್ಲಿ ಎಂಟಿಬಿ ಕಲಿತವರಲ್ಲಿ ತುಂಬಾ ಜನ ಅಲ್ಲೇ ಬಿದ್ದು ಎದ್ದವರು, ನಾನೂ ಸೇರಿ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ ಸುತ್ತಮುತ್ತಲಿನ ಜನ, ಬಂಡೆ ಹತ್ತುವವರು, ಸೈಕಲ್‌ನವರು ಎಲ್ಲ ಬೋರ್ಡ್ ಹಿಡಿದು ನಿಂತಿದ್ದರು. ಹಾಗಂತ ಅದು ನಮ್ಮ ಆಟದ ಮೈದಾನ ಆಗಲಿಲ್ಲ. ಅರಣ್ಯ ಇಲಾಖೆಯ ಕಾಡು ಅದು. ಗೇಟಿನ ಬೋರ್ಡ್ ಓದಿ, ಗಾರ್ಡ್ ಹತ್ತಿರ ಕೇಳಿ, ಬೇಡ ಅಂದರೆ ವಾಪಸ್ ಬನ್ನಿ. ಅಲ್ಲಿ ಚಿರತೆ ಕಂಡಿದ್ದೂ ಸುದ್ದಿಯಾಗಿತ್ತು. ಆದ್ದರಿಂದ ಮಬ್ಬುಗತ್ತಲಲ್ಲಿ ಮಗುವನ್ನು ಕರೆದುಕೊಂಡು ಹೋಗುವ ಯೋಚನೆ ಬಿಡಿ. ಬ್ರೇಕ್ ಹಿಡಿಯುವುದು, ತಿರುವು, ಪೆಡಲ್ ಮೇಲೆ ನಿಂತು ಇಳಿಯುವುದು, ಇದನ್ನೆಲ್ಲ ಕಲಿಸಲು ನಿಮ್ಮ ಲೇಔಟಿನ ಖಾಲಿ ಮೈದಾನ ಸಾಕು. ಸ್ವಲ್ಪ ಇಳಿಜಾರಿದ್ದರೆ ಆಯಿತು.

ಬಿಸಿಲಿನ ವಿಷಯ. ಬೆಂಗಳೂರು ತಂಪು ಅಂತ ಹೇಳಿಕೊಂಡು ತಿರುಗುವ ಕಾಲ ಹೋಯಿತು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಆಗಿತ್ತು. ಕ್ಯಾಂಪಿನವರ ಟೈಮ್‌ಟೇಬಲ್ ತರಿಸಿಕೊಳ್ಳಿ. ಬೆಳಗ್ಗೆ ಆರರಿಂದ ಒಂಬತ್ತರ ಒಳಗೆ ಸೈಕಲ್, ಆಮೇಲೆ ನೆರಳಲ್ಲಿ ರಿಪೇರಿ ಪಾಠ ಅಂತ ಇದ್ದರೆ ಅವರು ಸೈಕಲ್ ಓಡಿಸುವ ಜನ. ಹನ್ನೊಂದು ಗಂಟೆಗೆ 'ಟ್ರೇಲ್ ರೈಡ್' ಅಂತ ಇದ್ದರೆ ಅವರು ಪೋಸ್ಟರ್ ಮಾಡುವ ಜನ. ಜಿಪ್‌ಲೈನ್, ರೇನ್ ಡ್ಯಾನ್ಸ್, ಕ್ಯಾಂಪ್ ಫೈರ್ ಎಲ್ಲ ಸೇರಿಸಿ ಸೈಕಲ್ಲಿಗೆ ದಿನಕ್ಕೆ ಒಂದು ಗಂಟೆ ಉಳಿದಿದ್ದರೆ ಒಂಬತ್ತು ಸಾವಿರ ಯಾಕೆ ಕೊಡಬೇಕು? ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು ಅಂತಲೂ ಕೇಳಿ. ಮಣ್ಣಿನ ದಾರಿಯಲ್ಲಿ ಐದಾರು ಮಕ್ಕಳಿಗಿಂತ ಜಾಸ್ತಿ ಇದ್ದರೆ ಹಿಂದೆ ಉಳಿದ ಮಗು ಕಣ್ಣಿಗೆ ಬೀಳುವುದಿಲ್ಲ.

ಮಳೆ ಬಂದ ಮಾರನೇ ದಿನ ಮಾತ್ರ ಯಾವ ಟ್ರೇಲಿಗೂ ಹೋಗಬೇಡಿ. ನಮ್ಮ ಕೆಂಪು ಮಣ್ಣು ಟೈರಿಗೆ ಮೆತ್ತಿಕೊಂಡು ಚಕ್ರವೇ ತಿರುಗಲ್ಲ. ಜೊತೆಗೆ ಒದ್ದೆ ದಾರಿಯಲ್ಲಿ ಬಿದ್ದ ಟೈರಿನ ಗೀರು ಒಣಗಿ ಗಟ್ಟಿ ಕಾಲುವೆ ಆಗುತ್ತದೆ. ಮುಂದಿನ ವಾರ ಅದರಲ್ಲಿ ಚಕ್ರ ಸಿಕ್ಕಿಸಿಕೊಂಡು ಯಾರಾದರೂ ಬೀಳುತ್ತಾರೆ.

ನಂದಿ ಬೆಟ್ಟದ ಬಗ್ಗೆ ಮುಳ್ಳಿನವರು ಹೇಳಿದ್ದು ನನಗೆ ಒಪ್ಪಿಗೆ ಇಲ್ಲ. ಅದು ಟಾರು ರಸ್ತೆ. ಹತ್ತುವುದು ಒಳ್ಳೆಯದೇ. ಇಳಿಯುವಾಗ ಸೆಲ್ಫಿ ಜನ, ಬೈಕು, ಕಾರು. 13ರ ಹುಡುಗಿಗೆ ಈಗಲೇ ಬೇಡ.

ರೇಸಿಗೆ ಅವಳು ಓಡಿಸುವ ಮೊದಲು ಒಂದು ಸಲ ನೀವಿಬ್ಬರೂ ವಾಲಂಟಿಯರ್ ಆಗಿ ಬನ್ನಿ. ನೀರು ಕೊಡುವ ಟೇಬಲ್ ಹತ್ತಿರ ನಿಲ್ಲಲಿ. ಒಂದು ಬೆಳಗ್ಗೆಯಲ್ಲಿ ಅವಳಿಗೆ ಎಷ್ಟೋ ಗೊತ್ತಾಗುತ್ತದೆ. ಎಲ್ಲಿ ಗೇರ್ ಇಳಿಸುತ್ತಾರೆ, ಯಾರು ಇಳಿದು ತಳ್ಳುತ್ತಾರೆ, ಗೆದ್ದವರು ಎಷ್ಟು ಸುಸ್ತಾಗಿ ಕುಳಿತಿರುತ್ತಾರೆ, ಎಲ್ಲ.

ಜಲೋರಿ ಪಾಸ್ 3,120 ಮೀಟರ್ ಎತ್ತರದಲ್ಲಿದೆ. ನಾವಿರುವುದು ಸುಮಾರು 900ರಲ್ಲಿ. ಗಾಳಿ ತೆಳುವಾಗುತ್ತದೆ, ತಲೆನೋವು ಬರಬಹುದು. ಯಜಮಾನರು ಈ ವರ್ಷ ಉತ್ತರಹಳ್ಳಿಯಿಂದ ಕನಕಪುರ ರಸ್ತೆವರೆಗೆ ಹೋಗಿ ಬರಲಿ, ಮುಂದಿನ ವರ್ಷ ಹಿಮಾಚಲ ನೋಡೋಣ.

ಉತ್ತರಹಳ್ಳಿ_ಅಮ್ಮ:

ಸರ್, ನಿಮ್ಮ ಉತ್ತರ ಮನೆಯಲ್ಲಿ ಜೋರಾಗಿ ಓದಿದೆ. ಯಜಮಾನರು ಕೊನೆಯ ಸಾಲು ಕೇಳಿ ಎದ್ದು ಹೋದರು.

ಫೋನ್ ಮಾಡಿದೆ. ಕ್ಯಾಂಪಿನವರು 'ಅದೆಲ್ಲ ನಮ್ಮ ಹುಡುಗರು ನೋಡ್ಕೊಳ್ತಾರೆ ಮೇಡಂ, ಯು ಡೋಂಟ್ ವರಿ' ಅಂದರು. ಬೆಟ್ಟದ ಹೆಸರು ಕೇಳಿದರೆ ಲೊಕೇಶನ್ ಆಮೇಲೆ ಕಳಿಸುತ್ತೇವೆ ಅಂದರು. ಇನ್ನೂ ಕಳಿಸಿಲ್ಲ. ರೇಸಿನವರು ಪರವಾಗಿಲ್ಲ. ರೈತರೊಬ್ಬರ ಸ್ವಂತ ಜಮೀನು, ಅವರ ಪತ್ರ ಇದೆ, ಪಂಚಾಯಿತಿಗೂ ಪೊಲೀಸರಿಗೂ ತಿಳಿಸಿದ್ದೇವೆ, ಆಂಬುಲೆನ್ಸ್ ಅಲ್ಲೇ ನಿಂತಿರುತ್ತದೆ ಅಂತ ಪಟಪಟ ಹೇಳಿದರು. ಅಂಡರ್ 14 ಹುಡುಗಿಯರಿಗೆ ಎರಡು ಸುತ್ತಂತೆ. ಆದರೆ ಅವಳು ನವೆಂಬರ್‌ಗೆ 14 ತುಂಬುತ್ತಾಳೆ, ಆಗ ಯಾವ ವಿಭಾಗ?

ಚಾರಿಟಿ ರೈಡಿನವರು ಮೈಸೂರು ರಸ್ತೆಯಲ್ಲೇ ಹೋಗುತ್ತೇವೆ ಅಂದರು. ಅನುಮತಿ ಅಂದರೆ 'ಇದು ಒಳ್ಳೇ ಕೆಲಸ ಅಲ್ವಾ ಮೇಡಂ' ಅಂತ ಉತ್ತರ.

ಲೆಕ್ಕದ_ಪುಸ್ತಕ:

ಚಾರಿಟಿ ರೈಡ್ ಬಗ್ಗೆ ನಾನು ಹೇಳುತ್ತೇನೆ. ನನ್ನ ಕಸುಬೇ ಟ್ರಸ್ಟುಗಳ ಲೆಕ್ಕ ಬರೆಯುವುದು. ಭಾನುವಾರ ಸೈಕಲ್.

900 ರೂಪಾಯಿಯಲ್ಲಿ ಟೀ ಶರ್ಟ್, ಮೆಡಲ್, ತಿಂಡಿ, ಶಾಮಿಯಾನ, ಮೈಕ್ ಸೆಟ್, ಝುಂಬಾ ಹೇಳಿಕೊಡುವವರ ಫೀಸು ಎಲ್ಲ ಕಳೆದ ಮೇಲೆ ಆಸ್ಪತ್ರೆಗೆ ಎಷ್ಟು ಉಳಿಯುತ್ತದೆ? ಇದನ್ನು ಕೇಳುವುದಕ್ಕೆ ಯಾರೂ ಸಂಕೋಚ ಪಡಬಾರದು. ಸರಿಯಾಗಿ ನಡೆಸುವವರು ನೋಂದಣಿ ಫೀಸು ಬೇರೆ, ದೇಣಿಗೆ ಬೇರೆ ಅಂತ ಬಿಡಿಸಿ ಹೇಳುತ್ತಾರೆ. ಟೀ ಶರ್ಟಿಗೆ ಕೊಟ್ಟ ದುಡ್ಡು ದೇಣಿಗೆ ಆಗುವುದಿಲ್ಲ. ರಸೀತಿ ಯಾರ ಹೆಸರಲ್ಲಿ ಬರುತ್ತದೆ ನೋಡಿ. ಈವೆಂಟ್ ಕಂಪನಿಯ ಹೆಸರಲ್ಲಿ ಬಂದರೆ ಅದು ಟಿಕೆಟ್. ಟ್ರಸ್ಟಿನ ಹೆಸರಲ್ಲಿ, 80ಜಿ (ದೇಣಿಗೆಗೆ ತೆರಿಗೆ ವಿನಾಯಿತಿ) ನೋಂದಣಿ ಸಂಖ್ಯೆ ಸಮೇತ ಬಂದರೆ ಅದು ದೇಣಿಗೆ. ಅದನ್ನೂ ನಗದಾಗಿ 2,000ಕ್ಕಿಂತ ಜಾಸ್ತಿ ಕೊಟ್ಟರೆ ತೆರಿಗೆ ವಿನಾಯಿತಿ ಸಿಗಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಆ ವಿನಾಯಿತಿ ಇಲ್ಲವೇ ಇಲ್ಲ.

ನಿಮ್ಮ ಮಗಳಿಗೆ ಇನ್ನೊಂದು ದಾರಿ ಇದೆ. ತಾತ, ಅತ್ತೆ, ಪಕ್ಕದ ಮನೆಯವರು ಎಲ್ಲರ ಹತ್ತಿರ ಕಿಲೋಮೀಟರಿಗೆ ಇಷ್ಟು ಅಂತ ಮಾತು ಪಡೆಯಲಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಅವಳಿಗೆ ಅನುಕೂಲವಾದ ಜಾಗದಲ್ಲಿ ಓಡಿಸಲಿ. ಅವರು ದುಡ್ಡನ್ನು ನೇರವಾಗಿ ಆಸ್ಪತ್ರೆಯ ಟ್ರಸ್ಟಿನ ಖಾತೆಗೇ ಹಾಕಲಿ. ಮಧ್ಯದಲ್ಲಿ ಮೆಡಲ್ಲೂ ಇಲ್ಲ, ಮೈಕೂ ಇಲ್ಲ. ತಾತ ಕಿಲೋಮೀಟರಿಗೆ ಹತ್ತು ರೂಪಾಯಿ ಅಂದರೂ 30 ಕಿ.ಮೀ.ಗೆ 300 ಆಯಿತು. ಮೂರು ಜನ ತಾತಂದಿರು ಸಿಕ್ಕರೆ ನಿಮ್ಮ ಫೀಸಿನಷ್ಟೇ ದುಡ್ಡು ಪೂರ್ತಿಯಾಗಿ ಆಸ್ಪತ್ರೆಗೆ ಹೋಗುತ್ತದೆ.

ಇನ್ನು ಆ ರೂಟು. 2023ರ ಆಗಸ್ಟ್ 1ರಿಂದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಸೈಕಲ್ ಯಾವುದೂ ಹೋಗುವಂತಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಬಸ್ಸು, ಎದುರಿಗೆ ಬರುವ ಟ್ರ್ಯಾಕ್ಟರ್, ತಟ್ಟೆ ಇಡ್ಲಿಗೆ ನಿಂತ ಕಾರುಗಳು. ಇನ್ನೂರು ಜನ ಒಟ್ಟಿಗೆ ಹೋದರೆ ಟ್ರಾಫಿಕ್ ಪೊಲೀಸರಿಗೆ ಮೊದಲೇ ಹೇಳಿರಬೇಕು. 'ಒಳ್ಳೇ ಕೆಲಸ ಅಲ್ವಾ' ಅನ್ನುವುದು ಅನುಮತಿ ಪತ್ರ ಅಲ್ಲ.

ಗದಗಿನ_ಗಾಳಿ:

ಬೆಂಗಳೂರಿನವರು ಇಷ್ಟೊಂದು ಯೋಚನೆ ಮಾಡುವುದರಲ್ಲಿ ರಜೆಯೇ ಮುಗಿಯುತ್ತದೆ. ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಮ್ಮ ಗದಗಿನಲ್ಲೂ ಆಗಿದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಚಂದರಗಿ ಕ್ರೀಡಾ ಶಾಲೆ, ಈ ಕಡೆಯಿಂದ ಸೈಕಲ್ ರೇಸಿಗೆ ಬರುವ ಹುಡುಗಿಯರನ್ನು ನೋಡಿ. ಅಪ್ಪ ಹೊಲಕ್ಕೆ ಹೋಗುವ ಸೈಕಲ್ ಮೇಲೆ ಕಲಿತವರು ಇದ್ದಾರೆ. ಅವರನ್ನು ಯಾರೂ ಮೊದಲು ನೀರಿನ ಟೇಬಲ್ ಹತ್ತಿರ ನಿಲ್ಲಿಸಲಿಲ್ಲ. ಹಳೇಫೋರ್ಕ್ ಅಣ್ಣಾವ್ರೇ, ಜಾಗದ ಮಾತು ಒಪ್ಪಿದೆ. ಆದರೆ ಆ ಹುಡುಗಿಯನ್ನು ರೇಸ್ ನೋಡಲು ಕರೆಯಬೇಡಿ, ಓಡಿಸಲು ಕರೆಯಿರಿ. ಎರಡೇ ಸುತ್ತು. ಹೆಚ್ಚೆಂದರೆ ಕೊನೆಗೆ ಬರುತ್ತಾಳೆ.

ಅಕ್ಕಾ, ವಯಸ್ಸಿನ ಬಗ್ಗೆ ಕೇಳಿದ್ದಿರಿ. ಸೈಕಲ್ ರೇಸಿನಲ್ಲಿ ಹುಟ್ಟಿದ ತಿಂಗಳು ನೋಡುವುದಿಲ್ಲ, ವರ್ಷ ನೋಡುತ್ತಾರೆ. ರೇಸಿನ ವರ್ಷದಿಂದ ಹುಟ್ಟಿದ ವರ್ಷ ಕಳೆದರೆ ಬಂದದ್ದೇ ವಯಸ್ಸು. ಹಾಗಾಗಿ ನವೆಂಬರ್ ಆದರೂ ಈಗಲೇ 14 ಅಂತ ಲೆಕ್ಕ. 'ಅಂಡರ್ 14'ರಲ್ಲಿ 14 ಸೇರುತ್ತದೋ ಇಲ್ಲವೋ ಅಂತ ಆಯೋಜಕರಿಂದ ಬರೆಸಿಕೊಳ್ಳಿ. ಊರಿನ ರೇಸುಗಳಲ್ಲಿ ಒಬ್ಬೊಬ್ಬರದು ಒಂದೊಂದು ನಿಯಮ. ಬೆಳಗ್ಗೆ ಸಾಲಿನಲ್ಲಿ ನಿಂತಾಗ ಜಗಳ ಬೇಡ.

ಹಳೇಫೋರ್ಕ್:

ಗದಗಿನವರು ಹೇಳಿದ ಮೇಲೆ ವಾದ ಇಲ್ಲ. ಗಾಳಿ ಎದುರು ಸೈಕಲ್ ಹೊಡೆದವರ ಹತ್ತಿರ ಮಾತಾಡಲು ನನಗೆ ಉಸಿರು ಸಾಲದು. ಓಡಿಸಲಿ ಬಿಡಿ.

ಆದರೆ ಹಿಂದಿನ ದಿನ ಸಂಜೆ ಹೋಗಿ ಟ್ರ್ಯಾಕ್ ಪೂರ್ತಿ ನಡೆದು ನೋಡಿ ಮೇಡಂ. ಸೈಕಲ್ ಮೇಲಲ್ಲ, ಕಾಲಲ್ಲಿ. ದೊಡ್ಡ ಕಲ್ಲು, ಕಡಿದಾದ ಇಳಿಜಾರು ಇದ್ದ ಕಡೆ ಸಾಮಾನ್ಯವಾಗಿ ಎರಡು ದಾರಿ ಬಿಟ್ಟಿರುತ್ತಾರೆ. ನೇರದ್ದು ಎ ಲೈನ್, ಸುತ್ತಿ ಬರುವುದು ಬಿ ಲೈನ್. ಎಲ್ಲೆಲ್ಲಿ ಬಿ ಲೈನ್ ಹಿಡಿಯಬೇಕು ಅಂತ ಅವಳೇ ನಿರ್ಧಾರ ಮಾಡಲಿ, ನೀವು ಬಾಯಿ ಹಾಕಬೇಡಿ. ಮುಂದಿನವರು ಒಂದು ಸುತ್ತು ಮೀರಿ ಬಂದರೆ ಕೆಲವು ರೇಸುಗಳಲ್ಲಿ ಹಿಂದಿದ್ದವರನ್ನು ಹೊರಗೆ ಕರೆಯುತ್ತಾರೆ. ಇದನ್ನು ಮೊದಲೇ ಹೇಳಿಡಿ. ನಾನು ಸೀಟಿ ಊದಿ ಹೊರಗೆ ಕರೆದಾಗ ಮಕ್ಕಳು ಅತ್ತಿದ್ದು ಬಿದ್ದ ನೋವಿಗಲ್ಲ, ಯಾಕೆ ಕರೆದರು ಅಂತ ಗೊತ್ತಾಗದೆ.

ಮೈದಾನದಲ್ಲಿ ಅಲ್ಲಿಯವರೆಗೆ ಬ್ರೇಕ್ ಒಂದನ್ನೇ ಮಾಡಿಸಿ. ಊರಿನ ಮಕ್ಕಳು ಹೆದರಿಕೊಂಡು ಹಿಂದಿನ ಬ್ರೇಕ್ ಮಾತ್ರ ಹಿಡಿಯುತ್ತಾರೆ. ಚಕ್ರ ಜಾರುತ್ತದೆ, ಸೈಕಲ್ ನಿಲ್ಲುವುದಿಲ್ಲ. ಸೊಂಟ ಸೀಟಿನ ಹಿಂದಕ್ಕೆ, ಮೊಣಕೈ ಸಡಿಲ, ಎರಡೂ ಬ್ರೇಕನ್ನು ಒಂದೊಂದು ಬೆರಳಲ್ಲಿ ಮೆತ್ತಗೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಲ್ಲೇ ನಿಲ್ಲಿಸು ಅನ್ನಿ. ಟೈರಿನ ಗಾಳಿ ಮಣ್ಣಿಗೆ 30 ಪಿಎಸ್‌ಐ ಹತ್ತಿರ ಇರಲಿ, ಟಾರಿಗೆ 45. ಪೆಟ್ರೋಲ್ ಬಂಕಿನಲ್ಲಿ ಹೊಡೆಸಿಕೊಂಡು ಬಂದರೆ ಕಲ್ಲಾಗಿಬಿಡುತ್ತದೆ, ಮಣ್ಣಿನಲ್ಲಿ ಪುಟಿಯುತ್ತದೆ.

ಉತ್ತರಹಳ್ಳಿ_ಅಮ್ಮ:

ರೇಸಿಗೆ ಹೆಸರು ಕೊಟ್ಟೆ. 14 ಸೇರುತ್ತದೆ ಅಂತ ಮೆಸೇಜಿನಲ್ಲೇ ಬರೆದು ಕಳಿಸಿದ್ದಾರೆ. ಕ್ಯಾಂಪ್ ಬಿಟ್ಟೆವು. ನೋಟ್‌ಬುಕ್ಕಿನ ಐಡಿಯಾ ಅವಳಿಗೆ ಬಹಳ ಹಿಡಿಸಿದೆ, ಅಪಾರ್ಟ್‌ಮೆಂಟಿನ ವಾಚ್‌ಮನ್‌ ಹತ್ತಿರವೂ ಕಿಲೋಮೀಟರಿಗೆ ಒಂದು ರೂಪಾಯಿ ಬರೆಸಿಕೊಂಡಿದ್ದಾಳೆ. ಅದು ಬೇಡ ಅಂತ ಹೇಳಲೋ ಬಿಡಲೋ ಗೊತ್ತಾಗುತ್ತಿಲ್ಲ.

ಒಂದೇ ತೊಂದರೆ. ನಮ್ಮದು ಚಿಕ್ಕ ಕಾರು. ದೇವನಹಳ್ಳಿಗೆ ಸೈಕಲ್ ಹೇಗೆ ಸಾಗಿಸುವುದು? ಮೇಲಿನ ಕ್ಯಾರಿಯರ್ ಇಲ್ಲ.

ನೆಗ್ಗಿಲಮುಳ್ಳು:

ವಾಚ್‌ಮನ್‌ ಅಣ್ಣನ ಒಂದು ರೂಪಾಯಿ ತೆಗೆದುಕೊಳ್ಳಲಿ ಮೇಡಂ. ಅವರೇ ಪ್ರೀತಿಯಿಂದ ಹೇಳಿದ್ದರೆ ಬೇಡ ಅನ್ನಬೇಡಿ.

ಸೈಕಲ್ಲಿಗೆ ಕ್ಯಾರಿಯರ್ ಬೇಡ. ಹಿಂದಿನ ಸೀಟು ಮಡಚಿ. ಎರಡೂ ಚಕ್ರ ಬಿಚ್ಚಿ, ಸೀಟು ಪೂರ್ತಿ ಕೆಳಗಿಳಿಸಿ. ಹಳೇ ಬೆಡ್‌ಶೀಟ್ ಹಾಸಿ, ಚೈನ್ ಇರುವ ಕಡೆ ಮೇಲೆ ಬರುವ ಹಾಗೆ ಮಲಗಿಸಿ. ಕೆಳಗಾದರೆ ಗೇರು ಬದಲಿಸುವ ಡಿರೇಲರ್ ಬಾಗುತ್ತದೆ, ಆಮೇಲೆ ರೇಸಿನಲ್ಲಿ ಚೈನು ನಿಲ್ಲಲ್ಲ. ಡಿಸ್ಕ್ ಬ್ರೇಕ್ ಆಗಿದ್ದರೆ ಚಕ್ರ ಬಿಚ್ಚಿದಾಗ ಬ್ರೇಕ್ ಪ್ಯಾಡುಗಳ ಮಧ್ಯೆ ನಾಲ್ಕು ಮಡಿಕೆ ಮಾಡಿದ ಗಟ್ಟಿ ರಟ್ಟು ಸಿಕ್ಕಿಸಿ. ದಾರಿಯಲ್ಲಿ ಯಾರೂ ಬ್ರೇಕ್ ಲಿವರ್ ಒತ್ತಬಾರದು. ಹೈಡ್ರಾಲಿಕ್, ಅಂದರೆ ಎಣ್ಣೆ ಒತ್ತಡದ ಬ್ರೇಕ್ ಆಗಿದ್ದರೆ ಪ್ಯಾಡು ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ, ಡಿಸ್ಕ್ ಒಳಗೆ ಹೋಗಲ್ಲ. ಯಜಮಾನರನ್ನು ಹಿಂದೆ ಕೂರಿಸಲು ಜಾಗ ಇರುವುದಿಲ್ಲ, ಅವರು ಮುಂದಿನ ಸೀಟಿನಲ್ಲಿ ಚಕ್ರ ಹಿಡಿದುಕೊಂಡು ಕೂರಲಿ. ನೀವು ಓಡಿಸಿ. ಮಗಳಿಗೆ ಜಾಗ ಉಳಿಯಿತಾ ಅಂತ ಮೊದಲೇ ಒಂದು ಸಲ ಮನೆ ಮುಂದೆ ಹಾಕಿ ನೋಡಿಕೊಳ್ಳಿ. ಉಳಿಯದಿದ್ದರೆ ಹೇಳಿ. ಆ ದಿನ ನಾನೂ ಆ ಕಡೆ ಹೋಗುತ್ತೇನೆ, ನನ್ನ ಕಾರಿಗೆ ಹಿಂದಿನ ರ‍್ಯಾಕ್ ಇದೆ.